ನಗರದ ಬಂಡಾಯವೂ ಒಕ್ಕಲಿನ ನ್ಯಾಯಭಾವನೆಯೂ

ಕ್ರಿ.ಶ. 1830ರ ಆಗಸ್ಟ್ ತಿಂಗಳಲ್ಲಿ, ಈಗ ಚನ್ನಗಿರಿ ತಾಲ್ಲೂಕಿಗೆ ಸೇರಿರುವ ಬಸವಾಪಟ್ಟಣದ ಕಡೆಯಿಂದ ರೈತರ ಹೆಸರಿನಲ್ಲಿ ಕೆಲವು ಪತ್ರಗಳು ಹೊರಟು ನಗರದ ಫೌಜುದಾರಿಯ ಊರೂರುಗಳನ್ನು ಮುಟ್ಟಿದುವು. ಅವಕ್ಕೆ ಜಾಸಾ ಚೀಟಿಗಳೆಂದು ಹೆಸರು. ಒಕ್ಕಲುಗಳೆಲ್ಲರೂ ಒಂದೆಡೆ ಕೂಡಿ ತಮ್ಮ ಕಷ್ಟಗಳನ್ನು ವಿಚಾರಮಾಡತಕ್ಕದ್ದೆಂಬುದೇ ಅವುಗಳ ತಾತ್ಪರ್ಯವಾಗಿದ್ದಿತು. ಅಲ್ಲಿಂದ ಮುಂದೆ ನಗರದ ಬಂಡಾಯವು ಹಬ್ಬಿದುದೂ, ಕಂಪೆನಿಯ ಸೈನ್ಯವು ಬಂದು ಅದನ್ನು ಅಡಗಿಸಿದುದೂ, 1831ರ ಅಕ್ಟೋಬರಿನಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಬಿಟ್ಟು ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಗಿ ಐವತ್ತು ವರ್ಷ ಅಲ್ಲಿಯೇ ನಿಂತುದೂ ಗೆಜೆಟಿಯರುಗಳಲ್ಲಿಯೂ ಮೈಸೂರಿನ ಚರಿತ್ರೆಗಳಲ್ಲಿಯೂ ವಿಸ್ತಾರವಾಗಿ ನಿರೂಪಿತವಾಗಿವೆ. ಅಷ್ಟಾಗಿ ವಿಚಾರಕ್ಕೆ ಬಾರದಿರುವುದು ಬೇರೊಂದು ಅಂಶ. ಕಂದಾಯದ ಹೊರೆಯನ್ನು ತಾಳಲಾರದೆ ಎದ್ದ ಒಕ್ಕಲುಗಳು, ಅರುವತ್ತೇಳು ವರ್ಷಗಳ ಹಿಂದೆ ಅಳಿದುಹೋಗಿದ್ದ ಅರಸುಮನೆಯೊಂದರ ಹೆಸರನ್ನು ಹಿಡಿದುದೇತಕ್ಕೆ?

ಒಂದು ಜನಸಮೂಹವು ಯಾವುದನ್ನು ನ್ಯಾಯವೆಂದೂ ಯಾವುದನ್ನು ಅನ್ಯಾಯವೆಂದೂ ಎಣಿಸುವುದೋ ಅದು ಆ ಸಮೂಹವು ಸಮಾಜದಲ್ಲಿ ನಿಂತಿರುವ ನೆಲೆಯನ್ನು ಅನುಸರಿಸಿರುವುದೆಂದು ಕಾರ್ಲ್ ಮ್ಯಾನ್‌ಹೈಮನೆಂಬ ವಿದ್ವಾಂಸನು 1929ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಈ ಮತವನ್ನು ಗಾಣದ ಎತ್ತಿನಂತೆ ಎಲ್ಲ ಕಾಲದೇಶಗಳಲ್ಲಿಯೂ ಒಂದೇ ಸುತ್ತು ತಿರುಗಿಸುವುದು ತರವಲ್ಲ. ಆದರೆ ಮೇಲಿನ ಪ್ರಶ್ನೆಗೆ ಇದರಿಂದ ಸ್ವಲ್ಪ ಬೆಳಕು ದೊರೆಯುವುದರಲ್ಲಿ ಸಂದೇಹವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳು ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರವಾಗಿವೆ. ಇವೆಲ್ಲವೂ ಈಗ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ 1997ಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದುವು. ನ್ಯಾಮತಿಯು ಹೊನ್ನಾಳಿಯ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಮಲೆನಾಡಿನ ಅಂಚು ಬಯಲುಸೀಮೆಯನ್ನು ಕೂಡುವ ಈ ಪ್ರದೇಶದಲ್ಲಿ ಒಕ್ಕಲಿಗ, ದಂಡಾಳು, ವರ್ತಕ, ಹೇರಿನ ಲಂಬಾಣಿ, ದನಗಾಹಿ ಬೇಡ ಮುಂತಾದವರು ಒಂದೇ ದಾರಿಯಲ್ಲಿ ನಡೆದರೂ ಸರ್ಕಾರವನ್ನು ಬೇರೆ ಬೇರೆ ಕಣ್ಣುಗಳಿಂದ ಕಂಡರು.

ಬಂಡಾಯಕ್ಕೆ ಮೂವತ್ತು ವರ್ಷ ಮುಂಚೆ ಇದೇ ನೆಲದಿಂದ ಮತ್ತೊಬ್ಬನು ಎದ್ದಿದ್ದನು. ಧೋಂಡಿಯ ವಾಘನು ಚನ್ನಗಿರಿಯಲ್ಲಿ ಮರಾಠಾ ಮನೆತನವೊಂದರಲ್ಲಿ ಹುಟ್ಟಿದವನು. ಹೈದರನ ಸೈನ್ಯದಲ್ಲಿ ರಾವುತನಾಗಿದ್ದು, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯನ್ನು ಸೇರಿ, 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗ ಹೊರಗೆ ಬಂದನು. ಒಡೆಯನೂ ಸಂಬಳವೂ ಇಲ್ಲದೆ ಚೆದರಿದ್ದ ಕುದುರೆಯಾಳುಗಳು ಅವನ ಸುತ್ತ ಸೇರಿದರು. ಬಿದನೂರು ಚಿತ್ರದುರ್ಗಗಳ ಸೀಮೆಯು ಅವರ ಸೂರೆಗೆ ಸಿಕ್ಕಿತು. ಅವನು ಧರಿಸಿದ ಬಿರುದು 'ಉಭಯಲೋಕಾಧೀಶ್ವರ'ನೆಂಬುದು. ಆರ್ಥರ್ ವೆಲ್ಲೆಸ್ಲಿಯು ಅವನನ್ನು ತುಂಗಭದ್ರೆಯಿಂದಾಚೆಗೆ ಅಟ್ಟಿ ಹೋಗಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕೊಂದನು. ಈ ಬಿರುದನ್ನು ಹುಚ್ಚನ ಬಡಾಯಿಯೆಂದು ಇಂಗ್ಲಿಷ್ ಬರೆಹಗಾರರು ನಕ್ಕಿರುವುದುಂಟು. ಆದರೆ ದಂಡಾಳಿನ ನೆಲೆಯಿಂದ ನೋಡಿದರೆ ಅದು ಅಷ್ಟು ವಿಪರೀತವಾಗಿ ತೋರುವುದಿಲ್ಲ. ಸಾಮಾನ್ಯ ರಾವುತನಾಗಿದ್ದವನು ಕತ್ತಿಯ ಬಲದಿಂದ ನವಾಬನಾದುದನ್ನು ಅವನ ಸಂಗಡಿಗರು ಹೈದರನಲ್ಲಿ ಕಂಡಿದ್ದರು. ರಾಜ್ಯವೆಂದರೆ ಗೆದ್ದವನ ಸಂಪಾದನೆ. ಅದಕ್ಕೆ ವಂಶವಾಗಲಿ ಹಳೆಯ ಮುದ್ರೆಯಾಗಲಿ ಬೇಕಿಲ್ಲ. ಹಳ್ಳಿಯ ಒಕ್ಕಲಿಗೆ ಈ ಭಾವನೆಯಲ್ಲಿ ಪಾಲಿರಲಿಲ್ಲ. ಅವನು ಸೂರೆಯಾದವರ ಪಂಕ್ತಿಯಲ್ಲಿದ್ದನು.

1830ರಲ್ಲಿ ಎದ್ದವರ ನೆಲೆ ಬೇರೆ. ಮುಂದೆ ನಿಂತವರು ಪಟೇಲರು, ಎಂದರೆ ಗ್ರಾಮಗಳ ಗೌಡರು. ಗೌಡಿಕೆಯು ವಂಶಪಾರಂಪರ್ಯವಾಗಿ ಬರತಕ್ಕದ್ದು. ಉಂಬಳಿಯೂ, ಹಬ್ಬದ ಮೊದಲ ವೀಳ್ಯವೂ, ಊರ ದೇವರ ತೇರಿಗೆ ಮೊದಲು ಕೈಹಚ್ಚುವ ಹಕ್ಕೂ ಅದರೊಡನೆ ಬರುವುವು. ಗೌಡನು ಸರ್ಕಾರಕ್ಕೆ ಊರಿನ ಪರವಾಗಿಯೂ ಊರಿಗೆ ಸರ್ಕಾರದ ಪರವಾಗಿಯೂ ಮಾತನಾಡುವವನು. ಇವನಿಗೆ ಹಕ್ಕು ಎಂಬುದು ಹಿಂದಿನಿಂದ ಬಂದ ವಸ್ತು. ಹಿಂದಿನದಕ್ಕೆ ಸಾಕ್ಷಿಯಿದ್ದರೆ ಹಕ್ಕು ಉಂಟು, ಇಲ್ಲದಿದ್ದರೆ ಇಲ್ಲ. ಅಮಲ್ದಾರನ ನೆಲೆ ಇದಕ್ಕೆ ನೇರವಾಗಿ ಎದುರಾಗಿದ್ದಿತು. ಅವನು ಹೊರಗಿನಿಂದ ನೇಮಕವಾಗಿ ಬಂದವನು, ಇಂದು ಇದ್ದು ನಾಳೆ ಹೋಗತಕ್ಕವನು. ಆ ಕಾಲದ ಶರ್ತಿನ ಪದ್ಧತಿಯಲ್ಲಿ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಸಲ್ಲಿಸುವೆನೆಂದು ಕರಾರು ಬರೆದುಕೊಡುತ್ತಿದ್ದನು; ಕಡಮೆಯಾದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಅದನ್ನೂ ಒಪ್ಪಿಸಬೇಕು. ಇಂಥವನ ದೃಷ್ಟಿಯು ಈ ವರ್ಷದ ಪೈರನ್ನು ದಾಟಿ ಹೋಗಲಾರದು. ಒಂದೇ ಹೊಲದ ಬದುವಿನ ಮೇಲೆ ನಿಂತು ಒಬ್ಬನು ಮೂರು ತಲೆಮಾರುಗಳನ್ನೂ ಇನ್ನೊಬ್ಬನು ಮೂರು ತಿಂಗಳುಗಳನ್ನೂ ಎಣಿಸುತ್ತಿರುವಾಗ ಮಾತು ಕೂಡುವುದು ಕಷ್ಟವೇ ಸರಿ. ಇದಕ್ಕೆ ಜಾತಿಯ ಭೇದವೂ ಸೇರಿಕೊಂಡಿತು. ಈ ಸೀಮೆಯ ಗೌಡರಲ್ಲಿ ಬಹುಮಂದಿ ವೀರಶೈವರು. ಫೌಜುದಾರಿಯ ಮೇಲಣ ಹುದ್ದೆಗಳಲ್ಲಿ ಬಹುಕಾಲ ಫೌಜುದಾರನಾಗಿದ್ದ ರಾಮರಾಯನ ಬಂಧುಗಳೂ ಆಶ್ರಿತರೂ ಆದ ಬ್ರಾಹ್ಮಣರು ತುಂಬಿದ್ದರು. ಬಂಡಾಯವನ್ನು ಬರಿಯ ಜಾತಿಕಲಹವೆಂದು ಎಣಿಸುವುದು ಮಾತ್ರ ಸಾಧುವಲ್ಲ. ಲೆಕ್ಕಗಳ ಶೋಧನೆಗೆ ಹೆದರಿದ್ದ ರಾಮರಾಯನ ಪಕ್ಷದವರೇ ಗೌಡರನ್ನು ಒಳಗಿಂದೊಳಗೆ ಎತ್ತಿಕಟ್ಟಿದರೆಂಬ ಮಾತೂ ದಾಖಲೆಗಳಲ್ಲಿ ಬಂದಿದೆ.

ಒಕ್ಕಲುಗಳ ಮನಸ್ಸಿನಲ್ಲಿ ನ್ಯಾಯವಾದ ಕಂದಾಯಕ್ಕೆ ಅಳತೆಗೋಲಾಗಿದ್ದುದು ಶಿವಪ್ಪನಾಯಕನ ಶಿಸ್ತು. 1645ರಿಂದ 1660ರ ವರೆಗೆ ಆಳಿದ ಈ ಕೆಳದಿಯ ಅರಸನು ಪ್ರತಿಯೊಂದು ಬಗೆಯ ನೆಲವನ್ನೂ ಐದು ವರ್ಷ ತಾನೇ ಸಾಗುವಳಿ ಮಾಡಿಸಿ, ಬೀಜ ಕೂಲಿ ಫಸಲುಗಳ ಲೆಕ್ಕವಿಟ್ಟು, ಸರಾಸರಿಯ ಮೇಲೆ ಕಂದಾಯವನ್ನು ಗೊತ್ತುಮಾಡಿದನೆಂದು ಪ್ರತೀತಿ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನ ಬರೆಹದಲ್ಲಿಯೂ ಶಿಸ್ತಿನ ಪ್ರಸ್ತಾಪವು ಬರುವುದು. ಹೈದರನು 1763ರಲ್ಲಿ ಬಿದನೂರನ್ನು ಹಿಡಿದ ಮೇಲೆ ಅರಸುಮನೆಯು ಹೋದರೂ ಶಿಸ್ತು ಜನರ ಮಾತಿನಲ್ಲಿ ಉಳಿದುಕೊಂಡಿತು. ಹೀಗಿರಲು ಹಳೆಯ ಕಂದಾಯವನ್ನು ಬಯಸುವವನಿಗೆ ಹಳೆಯ ಅರಸನನ್ನು ಬಯಸುವುದು ಒಂದೇ ಹೆಜ್ಜೆಯ ದೂರ.

ಆದರೆ ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಜಾಸಾ ಚೀಟಿಗಳು ಹೊರಟ ಬಸವಾಪಟ್ಟಣವು ಕೆಳದಿಯ ಸ್ವಂತ ನೆಲವೆಂದು ಹೇಳತಕ್ಕ ಊರಲ್ಲ. ಬಿಜಾಪುರದವರ ಕೈಸೇರಿ, 1687ರ ಬಳಿಕ ಮೊಗಲರ ಶಿರಾ ಸುಬೆಯ ಏಳು ಪರಗಣಗಳಲ್ಲಿ ಒಂದಾಗಿದ್ದ ಸ್ಥಳವದು. ಚನ್ನಗಿರಿಗೆ ಕೆಳದಿಯ ಚೆನ್ನಮ್ಮಾಜಿಯಿಂದ ಹೆಸರು ಬಂದಿತೆಂಬ ಐತಿಹ್ಯವುಂಟಾದರೂ, ಈ ಸೀಮೆಗಾಗಿ ತರೀಕೆರೆಯ ಪಾಳೆಯಗಾರರೂ ಚಿತ್ರದುರ್ಗದವರೂ ಸವಣೂರಿನ ನವಾಬರೂ ಮರಾಠರೂ ಸರದಿಯಲ್ಲಿ ಕಾದಾಡಿದ್ದರು. ಬಸವಾಪಟ್ಟಣದ ಒಕ್ಕಲಿಗೆ ನೆನೆಯಲು ಒಡೆಯರಿಗೇನೂ ಕೊರತೆಯಿರಲಿಲ್ಲ. ಅಷ್ಟು ಮಂದಿಯಲ್ಲಿ ಕೆಳದಿಯವರೇ ನೆನಪಿನ ಗದ್ದುಗೆಯನ್ನು ಏರಿದರು. ನೆನಪು ತಂದೆಯಿಂದ ಮಗನಿಗೆ ತಾನಾಗಿಯೇ ಇಳಿದು ಬರುವ ಆಸ್ತಿಯಲ್ಲವೆಂಬುದು ಇದರಿಂದ ವಿಶದವಾಗುತ್ತದೆ. ಗೌಡನ ನೆಲೆಗೆ ಯಾವ ಭೂತಕಾಲವು ಬೇಕಾಗಿದ್ದಿತೋ ಅದನ್ನು ಅವನು ನೆರೆಯ ಮಲೆನಾಡಿನಿಂದ ತಂದುಕೊಂಡನು. ಮೊಗಲರ ಪರಗಣದಲ್ಲಿ ಶಿಸ್ತಿನಂತಹ ಕಥೆಯಿರಲಿಲ್ಲ.

ಈ ಬಯಕೆಗೆ ಮೈಯಾಗಿ ಬಂದವನು ಬೂದಿ ಬಸವಪ್ಪ. ಅವನ ನಿಜವಾದ ಹೆಸರು ಸಾದರ ಮಲ್ಲ, ಒಕ್ಕಲುಮನೆಯಲ್ಲಿ ಹುಟ್ಟಿದವನು. ಕೆಳದಿಯ ಮನೆತನದ ಊಳಿಗದಲ್ಲಿದ್ದ ಜಂಗಮನೊಬ್ಬನ ಸೇವೆಯಲ್ಲಿದ್ದು, ಅವನ ಬಳಿಯಿದ್ದ ನಗರದ ಅರಸರ ಮುದ್ರೆಗಳನ್ನು ಪಡೆದನೆಂದೂ, ತಾನೇ ಆ ವಂಶದವನೆಂದು ಸಾರಿಕೊಂಡನೆಂದೂ ವರದಿಗಳಿಂದ ತಿಳಿಯಬರುತ್ತದೆ. ತನ್ನ ಆಳಿಕೆಗೆ ಒಳಪಟ್ಟವರಿಗೆ ಅವನು ಕೊಟ್ಟ ಭಾಷೆಯು ಎರಡು ಬಗೆಯದು: ಹಿಂದಿನ ಬಾಕಿಯೆಲ್ಲ ಮಾಫಿ, ಮುಂದೆ ಒಂದು ವರಹ ಕೊಡುತ್ತಿದ್ದ ಕಡೆ ಒಂದು ರೂಪಾಯಿ ಮಾತ್ರ. ವರಹವು ಸುಮಾರು ಮೂರು ರೂಪಾಯಿಗೆ ಸಮನಾದುದರಿಂದ ಕಂದಾಯವು ಮೂರರಲ್ಲಿ ಒಂದು ಪಾಲಿಗೆ ಇಳಿದಂತಾಯಿತು. ಮುದ್ರೆಯು ಗೌಡನಿಗೆ ತಿಳಿಯುವ ಮಾತು, ರೂಪಾಯಿ ಎಲ್ಲರಿಗೂ ತಿಳಿಯುವ ಮಾತು. ಅವನು ನಿಜವಾಗಿ ಕೆಳದಿಯವನೇ ಎಂಬ ಶೋಧನೆಯಲ್ಲಿ ಕಮಿಷನರುಗಳು ಬಹಳ ಕಾಗದವನ್ನು ವೆಚ್ಚಮಾಡಿದರು. ಒಕ್ಕಲುಗಳಿಗೆ ಆ ಶೋಧನೆಯ ಗೊಡವೆಯಿದ್ದಂತೆ ತೋರುವುದಿಲ್ಲ.

ರೈತರು ಸೇರಿದ ಸಭೆಗೆ ಕೂಟವೆಂದು ಹೆಸರಾಯಿತು. ಕೂಟವು ದಂಡಲ್ಲ. ಅಲ್ಲಿಗೆ ಬಂದವರು ಒಬ್ಬೊಬ್ಬರಾಗಿ ಬಂದವರೂ ಅಲ್ಲ. ಗೌಡನ ಹಿಂದೆ ಊರು ಊರಾಗಿಯೇ ಬಂದರು. ಆನಂದಪುರದ ಸಮೀಪದ ಹೊಸಂತೆಯಲ್ಲಿಯೂ ಹೊಳೆಹೊನ್ನೂರಿನಲ್ಲಿಯೂ ಇಂತಹ ಕೂಟಗಳು ನೆರೆದುವು. ಅಲ್ಲಿಯ ವರೆಗೆ ಆಯುಧದ ಮಾತು ಹಿಂದೆಯೇ ಇದ್ದಿತು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಬಂದು ಕೂಡಿಕೊಂಡ ಬಳಿಕ, ಕೋಟೆಗಳನ್ನು ಹಿಡಿಯುವುದೂ ದುರ್ಗಗಳನ್ನು ಸೇರಿಕೊಳ್ಳುವುದೂ ಮೊದಲಾಯಿತು. ಅವನ ನೆಲೆ ಗೌಡನದೂ ಅಲ್ಲ, ಧೋಂಡಿಯನದೂ ಅಲ್ಲ. ಕಳೆದುಕೊಂಡ ಸಣ್ಣ ರಾಜ್ಯವೊಂದರ ವಾರಸುದಾರನದು. ಅವನಿಗೆ ಕಂದಾಯದ ಮಾಫಿಯಿಂದ ಪ್ರಯೋಜನವೇನು? ಹೀಗೆ ಒಂದೇ ಬಂಡಾಯದ ಒಳಗೆ ಎರಡು ಬಗೆಯ ಬಯಕೆಗಳು ಒಂದರ ಹೆಗಲನ್ನು ಇನ್ನೊಂದು ಹಿಡಿದುಕೊಂಡು ನಡೆದುವು. ದಂಗೆಗಾರರ ವಶದಲ್ಲಿದ್ದ ಹೊನ್ನಾಳಿಯನ್ನು 1831ರ ಮಾರ್ಚಿಯಲ್ಲಿ ಲೆಫ್ಟಿನೆಂಟ್ ರಾಚ್‌ಫೋರ್ಟನ ನಾಯಕತ್ವದ ಮೈಸೂರು ಸೈನ್ಯವು ಹಿಡಿಯಿತು. ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಲಾಯಿತು. ಜೂನ್ ತಿಂಗಳಲ್ಲಿ ಕರ್ನಲ್ ಎವನ್ಸನು ನಗರವನ್ನು ವಶಪಡಿಸಿಕೊಂಡನು. ಕೂಟಕ್ಕೆ ಬಂದ ಹೊನ್ನಾಳಿಯ ಒಕ್ಕಲು ಪಾಳೆಯಗಾರನ ಯುದ್ಧಕ್ಕೆ ಬೆಲೆಯನ್ನು ತೆತ್ತನು.

ಅಧಿಕಾರಿಗಳ ವಿವರಣೆಗಳಿಗೂ ಒಂದೊಂದು ನೆಲೆಯಿತ್ತೆಂಬುದನ್ನು ಮರೆಯಲಾಗದು. ಅರಮನೆಯ ಕಡೆಯವರು ಇದನ್ನು ಕೆಲವು ದುಷ್ಟ ಹುದ್ದೇದಾರರ ಪಿತೂರಿಯೆಂದರು. 1833ರ ಡಿಸೆಂಬರಿನಲ್ಲಿ ವರದಿಯನ್ನೊಪ್ಪಿಸಿದ ಇಂಗ್ಲಿಷ್ ಸಮಿತಿಯು ಸಂಸ್ಥಾನದ ದುರಾಡಳಿತವೇ ಕಾರಣವೆಂದು ಹೇಳಿತು. ಆ ಸಮಿತಿಯು ಕುಳಿತುಕೊಳ್ಳುವ ವೇಳೆಗೆ ಸಂಸ್ಥಾನವು ಕಂಪೆನಿಯ ಕೈಸೇರಿ ಎರಡು ವರ್ಷವಾಗಿದ್ದುದರಿಂದ ಬೇರೆ ತೀರ್ಪನ್ನು ಅಲ್ಲಿಂದ ನಿರೀಕ್ಷಿಸುವಂತಿರಲಿಲ್ಲ. ಗವರ್ನರ್ ಜನರಲ್ ಬೆಂಟಿಂಕನು ತಾನೇ ಸಂಶಯಕ್ಕೆ ಬಿದ್ದು, ರಾಜ್ಯದ ಬಹುಭಾಗವನ್ನು ಮಹಾರಾಜರಿಗೆ ಹಿಂದಿರುಗಿಸಬಹುದೆಂದು 1834ರಲ್ಲಿ ಸಲಹೆಮಾಡಿದನು. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಕೂಟಕ್ಕೆ ಬಾರದವರ ವಿಚಾರವೂ ಅಷ್ಟೇ ಮುಖ್ಯವಾದುದು. 1830ರ ಪತ್ರಗಳಲ್ಲಿ ರೈತನೆಂದರೆ ಸರ್ಕಾರಕ್ಕೆ ನೇರವಾಗಿ ಕಂದಾಯ ತೆರುವವನು. ಅವನ ಗದ್ದೆಯಲ್ಲಿ ದುಡಿಯುವ ಆಳೂ, ಸಾಲಕ್ಕೆ ಸಿಕ್ಕಿ ಮನೆಯಲ್ಲಿ ಉಳಿದ ಜೀತದವನೂ ಈ ಶಬ್ದದೊಳಗೆ ಸೇರಲಿಲ್ಲ. ಶಿವಪ್ಪನಾಯಕನ ಶಿಸ್ತು ಮರಳಿ ಬಂದರೂ ಅವರ ಪಾಲಿನ ಕೊಳಗವು ತುಂಬುತ್ತಿರಲಿಲ್ಲ. ನ್ಯಾಮತಿಯಂತಹ ಪೇಟೆಯ ವರ್ತಕನಿಗೆ ಮಲೆನಾಡಿನ ಅಡಕೆ ಬೆಲ್ಲಗಳೂ ಬಯಲಿನ ಧಾನ್ಯವೂ ಕೈಬದಲಾಗುವ ದಾರಿಯೇ ಜೀವನ. ಅನ್ಯಾಯವೆಂದರೆ ಅವನಿಗೆ ದಾರಿಯ ಸುಂಕದ ಕಟ್ಟೆ. ಅವನ ಬಯಕೆಯನ್ನು ನೆರವೇರಿಸಿದುದು ಯಾವ ಅರಸನ ಮುದ್ರೆಯೂ ಅಲ್ಲ, ಮಾರ್ಕ್ ಕಬ್ಬನ್ನನ ಕಚೇರಿ. 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಕಬ್ಬನ್ನನ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದುವು. ಮದುವೆಗೊಂದು, ಮಗು ಹುಟ್ಟಿದರೊಂದು, ಹೆಸರಿಟ್ಟರೊಂದು, ತಲೆ ಬೋಳಿಸಿದರೊಂದು ಎಂಬಂತೆ ಇದ್ದ ಆ ಪಟ್ಟಿಯನ್ನು ಓದಿದರೆ ಸಾಯುವುದಕ್ಕೂ ರಸೀತಿ ಬೇಕಾಗಿದ್ದಿತೇನೋ ಎನ್ನಿಸುವುದು.

ಜಗಳೂರಿನ ಕಡೆಗೆ ತಿರುಗಿದರೆ ಕೆಳದಿಯ ಹೆಸರು ಮಾಸುತ್ತದೆ. ಆ ಒಣನೆಲವು ಚಿತ್ರದುರ್ಗದ ನಾಯಕರ ಸೀಮೆ. 1779ರಲ್ಲಿ ಹೈದರನು ದುರ್ಗವನ್ನು ಹಿಡಿಯುವ ವರೆಗೆ ಬೇಡರ ಪಡೆಯೇ ಅಲ್ಲಿಯ ಬಲ. ಅವರಲ್ಲಿ ಮ್ಯಾಸಬೇಡರೆಂಬ ಪಂಗಡದವರು ದನಗಾಹಿಗಳು. ದೇವರ ಎತ್ತುಗಳನ್ನು ಸಾಕುವರು, ಕೋಳಿಯನ್ನು ಮುಟ್ಟರು, ಕಟ್ಟೆಮನೆಯ ಹಿರಿಯರ ತೀರ್ಪಿಗೆ ನಡೆದುಕೊಳ್ಳುವರು. ಇವರು ನೆನೆಯುವ ವೀರರು ಗಾದರಿ ಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದವರು; ದನಕರುಗಳನ್ನು ಕಾದವರೇ ಹೊರತು ಕಂದಾಯ ಕಟ್ಟಿದ ಅರಸರಲ್ಲ. ನೆಲಕ್ಕಿಂತ ಹುಲ್ಲುಗಾವಲೂ ನೀರಿನ ಹೊಂಡವೂ ಮುಖ್ಯವಾದ ನೆಲೆಯಲ್ಲಿ ಶಿಸ್ತಿನ ಕಥೆಗೆ ಕಿವಿಗೊಡುವವರಾರು?

ವಿಚಾರಸರಣಿಯು ಬದಲಾದುದು ಬಂಡಾಯದ ಸೋಲಿನಿಂದಲ್ಲ. ಸೋತ ಬಯಕೆಗಳು ಬಹುಕಾಲ ಉಳಿಯುವುದುಂಟು. ಗೌಡನ ನೆಲೆಯನ್ನೇ ಸಡಿಲಿಸಿದುದು 1863ರಲ್ಲಿ ಸಂಸ್ಥಾನದಲ್ಲಿ ಮೊದಲಾದ ಅಳತೆ ಮತ್ತು ಬಂದೋಬಸ್ತು. ಮುಂಬಯಿ ಪ್ರಾಂತದ ಕ್ರಮವನ್ನು ಅನುಸರಿಸಿದ ಈ ಏರ್ಪಾಡಿನಲ್ಲಿ ಪ್ರತಿಯೊಂದು ಹೊಲಕ್ಕೂ ನಂಬರು ಬಿದ್ದಿತು, ಕಲ್ಲು ನೆಟ್ಟಿತು, ಮೂವತ್ತು ವರ್ಷಕ್ಕೆ ಕಂದಾಯವು ಗೊತ್ತಾಯಿತು, ಖಾತೆಯು ಒಬ್ಬೊಬ್ಬನ ಹೆಸರಿಗೆ ನಿಂತಿತು. ಊರು ಒಟ್ಟಾಗಿ ಸರ್ಕಾರದೊಡನೆ ವಾದಿಸಬೇಕಾಗಿದ್ದ ವಿಷಯವು ಒಬ್ಬನ ಖಾತೆಯ ವಿಷಯವಾಯಿತು. ಕೂಟದ ಜಾಗವನ್ನು ಅರ್ಜಿ ಹಿಡಿಯಿತು. ಹಳೆಯ ಅರಸನ ಮಾತು ಲಾವಣಿಗೂ ಜಾತ್ರೆಗೂ ಸರಿಯಿತು. ಕಂದಾಯದ ಮಾತು ಕಚೇರಿಗೆ ಹೋಯಿತು.

1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ ಈ ಬದಲಾವಣೆಯು ಎದ್ದು ಕಂಡಿತು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ರೈತರನ್ನೂ, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರನ್ನೂ ಆರಿಸತಕ್ಕದ್ದೆಂದು ಆಜ್ಞೆಯಾಯಿತು. ಅಕ್ಟೋಬರ್ 7ರಂದು 144 ಮಂದಿ ಮೈಸೂರಿನಲ್ಲಿ ಕುಳಿತರು. ಐವತ್ತು ವರ್ಷ ಮುಂಚೆ ಜಾಸಾ ಚೀಟಿಯನ್ನು ನೋಡಿ ನಡೆದುಬಂದಿದ್ದಂತಹ ಮನೆತನಗಳ ಗೃಹಸ್ಥರೇ ಈಗ ಸರ್ಕಾರದ ಕಾಗದದಿಂದ ಆಹ್ವಾನಿತರಾಗುವ ಪಂಗಡವಾಗಿದ್ದರು. ಅಹವಾಲನ್ನು ಹೇಳಬಹುದಾಗಿತ್ತು, ತೀರ್ಮಾನ ಮಾಡುವ ಅಧಿಕಾರವಿರಲಿಲ್ಲ. ಆಳುಗಳಿಗೂ ಗೇಣಿಯವರಿಗೂ ಅಲ್ಲಿ ಪೀಠವಿರಲಿಲ್ಲ.

ರೈತನೆಂಬ ಶಬ್ದವು ಒಳಗಿನಿಂದ ಒಡೆದು ಹಿಗ್ಗಿದುದು ಇನ್ನೂ ಎಪ್ಪತ್ತು ವರ್ಷಗಳ ಮೇಲೆ, ಅದೂ ಕೆಳದಿಯ ನೆಲದಲ್ಲಿಯೇ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಒಡೆಯನು ಗೇಣಿಯನ್ನು ಅಳೆದುಕೊಳ್ಳುವ ಕೊಳಗದ ಗಾತ್ರವನ್ನು ಹಿಡಿದು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರೂ ಸಮಾಜವಾದಿ ಪಕ್ಷದ ಗೋಪಾಲಗೌಡರೂ ಮುಂದಾಳುಗಳಾಗಿದ್ದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಒಕ್ಕಲುಗಳಲ್ಲಿ ದೊಡ್ಡವನಾಗಿ ನಿಂತು 1830ರಲ್ಲಿ ಅಮಲ್ದಾರನಿಗೆ ಎದುರು ಹೇಳಿದ ಪಂಗಡವು ಈಗ ಪ್ರತಿವಾದಿಯ ಸ್ಥಾನದಲ್ಲಿದ್ದಿತು. ಗೇಣಿದಾರರು ಯಾವ ಹಳೆಯ ಅರಸನನ್ನೂ ಕರೆಯಲಿಲ್ಲ. ಉಳುವವನೇ ನೆಲದೊಡೆಯನೆಂಬ ವಾಕ್ಯಕ್ಕೆ ಹಿಂದಿನ ಸಾಕ್ಷಿ ಬೇಕಿರಲಿಲ್ಲ. ಅವರ ನೆಲೆಗೆ ಹಿಂದಿನ ಕಾಲದಿಂದ ಬಂದುದು ಸಾಲವೊಂದೇ. 1963ರಲ್ಲಿ ವಂಶಪಾರಂಪರ್ಯದ ಗೌಡಿಕೆ ಶಾನುಭೋಗಿಕೆಗಳು ಕಾಯಿದೆಯಿಂದ ರದ್ದಾದುವು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರವು ಗೇಣಿಯನ್ನೇ ತೆಗೆದುಹಾಕಿತು.

ಭೂಮಿಯ ಭಾಷೆಯನ್ನು ಎಲ್ಲರಿಗಿಂತ ತಡವಾಗಿ ಕಲಿತವರು ಲಂಬಾಣಿಗಳು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಅವರ ಗುರು ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಸ್ಥಳವೆಂದು ಪೂಜ್ಯವಾಗಿದೆ. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿ ಕಡಲಕರೆಯಿಂದ ಬಯಲಿಗೂ, ಬಯಲಿನಿಂದ ದಂಡಿನ ಪಾಳೆಯಕ್ಕೂ ಸಾಗಿಸುತ್ತಿದ್ದ ಈ ಜನರಿಗೆ ಸರ್ಕಾರವೆಂದರೆ ಒಬ್ಬ ಗಿರಾಕಿ. ವೆಲ್ಲೆಸ್ಲಿಯ ದಂಡೂ ಇವರ ಹೇರನ್ನು ನಂಬಿಯೇ ನಡೆಯುತ್ತಿದ್ದಿತು. ಯಾರು ಗೆದ್ದರೂ ಧಾನ್ಯವನ್ನು ಕೊಳ್ಳಲೇಬೇಕು. ಆದುದರಿಂದ ಯಾವ ಅರಸುಮನೆಯ ಮೇಲೆಯೂ ಹಂಬಲವಿಲ್ಲ. ಗುರುವಿನ ಕಥೆಗಳಲ್ಲಿ ಬರುವುದು ದನಗಳ ಮಂದೆ, ದಾರಿ, ತಾಂಡದ ನಾಯಕ. ಮೈಸೂರು ಸಂಸ್ಥಾನದಲ್ಲಿ ರಸ್ತೆಗಳೂ ಅವುಗಳ ಹಿಂದೆ ರೈಲೂ ಬಂದು ಹೇರಿನ ಕೆಲಸವು ಮುಗಿದ ಮೇಲೆ ತಾಂಡಗಳು ಅಡವಿಯ ಅಂಚಿನಲ್ಲಿ, ಬೇರೆಯವರ ಗ್ರಾಮಗಳ ಎಲ್ಲೆಯೊಳಗೆ ನಿಂತುವು. ಹೀಗೆ ನಿಂತ ತಾಂಡಕ್ಕೆ ಸರ್ಕಾರದ ಲೆಕ್ಕದಲ್ಲಿ ಊರೆಂಬ ಹೆಸರಿರಲಿಲ್ಲ, ಮನೆಗೆ ಖಾತೆಯಿರಲಿಲ್ಲ. ಮೊದಲು ಅವರಿಗೆ ಇದು ಕೊರತೆಯಾಗಿ ತೋರಿತೆಂದು ಹೇಳಲಾಗದು. ಕೂಲಿಗೂ ಸಾಗುವಳಿಗೂ ನಿಂತು ಎರಡು ಮೂರು ತಲೆಮಾರು ಕಳೆದ ಬಳಿಕ, ಅಡವಿಯ ಅಧಿಕಾರಿಯೂ ಗ್ರಾಮದ ಲೆಕ್ಕಿಗನೂ ಬಾಗಿಲಿಗೆ ಬರತೊಡಗಿದ ಮೇಲೆ, ದಾಖಲೆಯಿಲ್ಲದಿರುವುದೇ ಅನ್ಯಾಯವೆಂಬ ಭಾವನೆಯು ತಾಂಡಗಳಲ್ಲಿ ಬಲಿಯಿತು. ತಾಂಡಗಳನ್ನೂ ಗೊಲ್ಲರಹಟ್ಟಿಗಳನ್ನೂ ಕಂದಾಯ ಗ್ರಾಮಗಳನ್ನಾಗಿ ಮಾಡುವುದಕ್ಕಾಗಿ ಕರ್ನಾಟಕದ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿಯಾಗಿ, ಅಲ್ಲಿಯ ಮನೆಗಳಿಗೆ ಹಕ್ಕುಪತ್ರಗಳನ್ನು ಕೊಡುವ ಕೆಲಸವು ಈ ಶತಮಾನದ ಎರಡನೆಯ ದಶಕದ ಬಳಿಕ ನಡೆಯುತ್ತ ಬಂದಿದೆ.